‘ಓದಿ ಹೇಳಮ್ಮ’ ಅಂದಿದ್ದಾನೆ ಮಗ, ಏನು ಹೇಳಲಿ?

ಪ್ರಶ್ನೆ: ನನಗೆ 55 ವರ್ಷ, ಗೃಹಿಣಿ. ಮೊದಲಿನಿಂದಲೂ ಓದುವ ಹುಚ್ಚು. ನಮ್ಮೂರಿನ ಏಳೆಂಟು ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ವಸುಧೇಂದ್ರ ಅವರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ನಮಗೆಲ್ಲ ಅಚ್ಚುಮೆಚ್ಚು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗ (27) ದೀಪಾವಳಿಗೆ ಬಂದವನು ಅದೇ ಲೇಖಕರ ‘ಮೋಹನಸ್ವಾಮಿ’ಯನ್ನು ಕೈಗಿಟ್ಟು, ‘ಇದನ್ನೂ ಓದಮ್ಮ, ಹೆಂಗನ್ನಿಸ್ತು ಹೇಳು’ ಅಂದ. ಓದಿದೆ. ಗಂಡಸು ಗಂಡಸನ್ನೇ ಪ್ರೀತಿಸುವ ಕಥೆಗಳು. ಕೆಲವು ಕಡೆ ಕಣ್ಣಲ್ಲಿ ನೀರು ಬಂತು, ಕೆಲವು ಪುಟ ಓದಲಾಗದೆ ಮಗುಚಿದೆ. ಆಮೇಲೆ ಮಗ ಎರಡು ಸಲ ಫೋನಿನಲ್ಲಿ ‘ಓದಿದ್ಯಾ?’ ಅಂತ ಕೇಳಿದ. ‘ಅಡಿಕೆ ಕೊಯ್ಲು ಕಣೋ, ಪುರಸೊತ್ತಿಲ್ಲ’ ಅಂದುಬಿಟ್ಟೆ. ಅವನೂ ಹಾಗೇ ಇರಬಹುದಾ? ನೇರವಾಗಿ ಕೇಳಿಬಿಡಲಾ? ಇತ್ತ ನಮ್ಮ ಯಜಮಾನರು ಅವನ ಜಾತಕ ಹೊರಗೆ ತೆಗೆದಿದ್ದಾರೆ. ಕಳೆದ ತಿಂಗಳು ಬಳಗದಲ್ಲಿ ಈ ಪುಸ್ತಕದ ಹೆಸರೆತ್ತಿದೆ. ಒಬ್ಬರು ‘ಅಯ್ಯೋ, ಅಂಥದ್ದೆಲ್ಲ ನಮಗ್ಯಾಕೆ’ ಅಂತ ನಕ್ಕರು. ಜೊತೆಗೆ ನಾನೂ ನಕ್ಕೆ. ಅಂದಿನಿಂದ ನಿದ್ದೆ ಸರಿಯಿಲ್ಲ. ದಾರಿ ತೋರಿಸಿ.
— ಹೆಸರು ಬೇಡ, ಸಾಗರ

ಉತ್ತರ: ಮಗ ನಿಮ್ಮನ್ನು ಕೇಳಿದ್ದು ಒಂದೇ ಮಾತು, ಪುಸ್ತಕ ಹೇಗನ್ನಿಸಿತು ಅಂತ. ನೀವು ನಿದ್ದೆಗೆಟ್ಟು ಉತ್ತರ ಹುಡುಕುತ್ತಿರುವುದು ಅವನು ಕೇಳದೇ ಇರುವ ಇನ್ನೊಂದು ಪ್ರಶ್ನೆಗೆ. ಮೊದಲು ಅವನು ಕೇಳಿದ್ದಕ್ಕೆ ಉತ್ತರ ಕೊಡಿ. ಈ ವಾರವೇ ಕೊಡಿ.

ಬೇಗ ಕೊಡಿ ಅನ್ನುವುದಕ್ಕೆ ಕಾರಣವಿದೆ. ನನ್ನ ಬಳಿ ಬರುವ ಎಷ್ಟೋ ಹುಡುಗ ಹುಡುಗಿಯರು ತಮ್ಮ ವಿಷಯವನ್ನು ಮನೆಯಲ್ಲಿ ಸೀದಾ ಎತ್ತುವುದಿಲ್ಲ. ಒಂದು ಸಿನಿಮಾದ ಸುದ್ದಿ ತೆಗೆಯುತ್ತಾರೆ, ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳುತ್ತಾರೆ, ಆಫೀಸಿನ ಯಾರದೋ ಕಥೆ ಅನ್ನುತ್ತಾರೆ. ಹೊಳೆಗೆ ಇಳಿಯುವ ಮುಂಚೆ ಕೋಲು ಇಳಿಸಿ ಆಳ ನೋಡುವ ಹಾಗೆ. ಅಮ್ಮನ ಮುಖ ಹೇಗಾಗುತ್ತದೆ, ಅಪ್ಪ ಏನು ಗೊಣಗುತ್ತಾರೆ ಎಂದು ನೋಡಿಕೊಂಡು ಮುಂದಿನ ಮಾತು ಆಡುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ನಿಮ್ಮ ಮಗನದೂ ಅದೇ ಉದ್ದೇಶ ಎಂದು ನಾನು ಹೇಳಲಾರೆ. ಅಮ್ಮನಿಗೆ ಇಷ್ಟವಾದ ಲೇಖಕರ ಇನ್ನೊಂದು ಪುಸ್ತಕ ಎಂದಷ್ಟೇ ಕೊಟ್ಟಿರಬಹುದು, ಗೆಳೆಯನೊಬ್ಬನ ಕಷ್ಟ ನೋಡಿ ಕೊಟ್ಟಿರಬಹುದು. ಯಾವುದೇ ಇರಲಿ, ಎರಡು ಸಲ ಕೇಳಿದ್ದಾನೆ ಎಂದರೆ ನಿಮ್ಮ ಅಭಿಪ್ರಾಯ ಅವನಿಗೆ ಬೇಕಾಗಿದೆ. ‘ಪುರಸೊತ್ತಿಲ್ಲ’ ಎನ್ನುವುದನ್ನು ಮೂರನೇ ಸಲವೂ ಕೇಳಿದರೆ ಅದನ್ನೇ ನಿಮ್ಮ ಅಭಿಪ್ರಾಯ ಎಂದುಕೊಂಡಾನು.

ಹಾಗಾದರೆ ಏನು ಹೇಳಬೇಕು? ಬಳಗದಲ್ಲಿ ಬೇರೆ ಪುಸ್ತಕದ ಬಗ್ಗೆ ಹೇಗೆ ಮಾತಾಡುತ್ತೀರೋ ಹಾಗೇ. ‘ಓದಿದೆ ಕಣೋ. ಕಾರ್ತಿಕ ಮದುವೆ ಆಗಿ ಹೋಗ್ತಾನಲ್ಲ, ಅಲ್ಲಿ ಹೊಟ್ಟೆ ಕಿವುಚಿದ ಹಾಗಾಯ್ತು’ ಅನ್ನಿ. ಎಲ್ಲಿ ಅತ್ತಿರೋ ಆ ಜಾಗ ಹೇಳಿ. ಯಾವ ಪಾತ್ರದ ಮೇಲೆ ಸಿಟ್ಟು ಬಂತು ಎಂದೂ ಹೇಳಿ. ಮುಜುಗರವಾದ ಪುಟಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ‘ಕೆಲವು ಕಡೆ ನನ್ನ ಕೈಲಿ ಓದಕ್ಕಾಗಲಿಲ್ಲ, ನಮ್ಮ ಕಾಲದವರಿಗೆ ಇಂಥದ್ದು ಬರೆದದ್ದು ಓದಿ ರೂಢಿಯಿಲ್ಲ’ ಎಂದರೆ ಅವನಿಗೆ ಬೇಸರವಾಗದು. ಗಂಡು ಹೆಣ್ಣಿನ ಸಂಗವನ್ನು ಬಿಚ್ಚಿ ಬರೆದಿದ್ದರೂ ನೀವು ಪುಟ ಮಗುಚುತ್ತಿದ್ದಿರೋ ಏನೋ. ಎಲ್ಲವೂ ಚೆನ್ನಾಗಿದೆ ಎಂದು ಬಾಯಿಮಾತಿಗೆ ಹೊಗಳಿದರೆ ಮಾತ್ರ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಇಪ್ಪತ್ತೇಳು ವರ್ಷದಿಂದ ನಿಮ್ಮ ದನಿ ಕೇಳಿಸಿಕೊಂಡವನು.

‘ಪಾಪ’ ಎನ್ನುವ ಮಾತನ್ನು ಆದಷ್ಟು ದೂರವಿಡಿ. ಮೋಹನಸ್ವಾಮಿ ಪಾಪದವನು, ಅಂಥವರ ಹಣೆಬರಹವೇ ಇಷ್ಟು ಎಂದರೆ ಬಾಗಿಲು ಮುಚ್ಚಿದಂತೆ. ಆ ಪಾತ್ರಕ್ಕೆ ಬಂದ ಕಷ್ಟದಲ್ಲಿ ಹಣೆಬರಹದ್ದೆಷ್ಟು, ಸುತ್ತಲಿನವರದ್ದೆಷ್ಟು ಎಂದು ಒಬ್ಬ ಓದುಗಳಾಗಿ ನೀವೇ ಲೆಕ್ಕ ಹಾಕಿ ನೋಡಿ. ಆ ಲೆಕ್ಕವನ್ನು ಮಗನ ಜೊತೆ ಮಾತಾಡಿದರೆ ಅದಕ್ಕಿಂತ ಒಳ್ಳೆಯ ಪುಸ್ತಕ ಚರ್ಚೆ ಇನ್ನೊಂದಿಲ್ಲ.

ಇನ್ನು ನೇರವಾಗಿ ಕೇಳುವ ವಿಷಯ. ಬೇಡ. ‘ನೀನೂ ಹಾಗೇನಾ?’ ಎಂದು ಫೋನಿನಲ್ಲಿ ಕೇಳಿದರೆ ಹೌದು ಅಥವಾ ಇಲ್ಲ ಎಂದು ಆ ಕ್ಷಣವೇ ಹೇಳಬೇಕಾದ ಇಕ್ಕಟ್ಟಿಗೆ ಅವನು ಸಿಕ್ಕಿಕೊಳ್ಳುತ್ತಾನೆ. ಹೆದರಿ ಇಲ್ಲ ಎಂದುಬಿಟ್ಟರೆ ಆ ಸುಳ್ಳನ್ನು ಕಾಪಾಡಿಕೊಂಡು ಬರುವ ಕಷ್ಟ ಬೇರೆ. ಹೇಳುವ ಹೊತ್ತು, ಹೇಳುವ ರೀತಿ ಎರಡೂ ಅವನವು. ನಿಮ್ಮ ಕೈಲಿರುವುದು ಅವನು ಹೇಳಿದರೆ ಈ ಮನೆಯಲ್ಲಿ ಏನೂ ಮುಳುಗುವುದಿಲ್ಲ ಎಂದು ಮೊದಲೇ ತೋರಿಸುವುದು.

ಅದನ್ನು ತೋರಿಸುವ ಜಾಗ ದಿನನಿತ್ಯದ ಮಾತು. ಟಿವಿಯ ಕಾಮಿಡಿ ಶೋನಲ್ಲಿ ಗಂಡಸೊಬ್ಬ ಹೆಣ್ಣಿನ ಹಾಗೆ ನಡೆದರೆ ಮನೆಯವರೆಲ್ಲ ನಗುತ್ತೇವೆ. ಆ ನಗುವನ್ನು ಸೋಫಾದ ತುದಿಯಲ್ಲಿ ಕೂತ ಹುಡುಗನೂ ಕೇಳುತ್ತಾನೆ. ಪಕ್ಕದ ಮನೆ ಹುಡುಗನಿಗೆ ಮದುವೆಯಾಗದಿದ್ದರೆ ‘ಏನೋ ಐಬು ಇರಬೇಕು’ ಎನ್ನುತ್ತೇವೆ. ಅದೂ ಅವನ ಕಿವಿಗೆ ಬೀಳುತ್ತದೆ. ಇವನ್ನು ನಿಲ್ಲಿಸುವುದು ನಿಮ್ಮಿಂದಲೇ ಶುರುವಾಗಲಿ. ಫೋನ್ ಮಾಡಿದಾಗ ಮದುವೆಯ ಮಾತು ಬದಿಗಿಟ್ಟು ಏನು ಅಡುಗೆ ಮಾಡಿಕೊಂಡೆ, ಭಾನುವಾರ ಯಾರ ಜೊತೆ ಎಲ್ಲಿ ಹೋಗಿದ್ದೆ, ಹುಷಾರಿಲ್ಲದಾಗ ನೋಡಿಕೊಳ್ಳುವವರು ಯಾರಿದ್ದಾರೆ ಎಂದು ಕೇಳಿ. ರೂಮಿನಲ್ಲಿರುವ ಗೆಳೆಯನ ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ಮುಂದಿನ ಸಲ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುವಾಗ ಅವನಿಗೂ ಒಂದು ಬಾಟಲಿ ಸೇರಿಸಿ.

ಒಂದು ಪಕ್ಷ ಅವನು ‘ಹೌದಮ್ಮ, ನಾನು ಗೇ’ ಎಂದೇ ಹೇಳಿದ ಅಂತಿಟ್ಟುಕೊಳ್ಳಿ. ‘ಹೇಳಿದ್ದು ಒಳ್ಳೇದಾಯ್ತು. ನನಗೆ ಅರ್ಥವಾಗಕ್ಕೆ ಸ್ವಲ್ಪ ದಿನ ಬೇಕು, ಆದರೆ ನೀನು ನನ್ನ ಮಗ, ಅದು ಬದಲಾಗಲ್ಲ’ ಎಂದರೆ ಆ ದಿನಕ್ಕೆ ಸಾಕು. ನಾವು ಬೆಳೆಸಿದ್ದರಲ್ಲಿ ತಪ್ಪಾಯಿತೇ, ಬಸುರಿಯಾಗಿದ್ದಾಗ ಏನಾದರೂ ಆಯಿತೇ ಎಂಬ ಯೋಚನೆ ಬರುತ್ತದೆ. ಅದು ಬೇಡ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಭಾರತದ ಮನೋವೈದ್ಯರ ಸಂಘ 2018ರಲ್ಲಿ ಇದು ಮನೋರೋಗವಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ‘ಸರಿ ಮಾಡಿಸುತ್ತೇವೆ’ ಎಂದು ಔಷಧಿ, ಇಂಜೆಕ್ಷನ್, ಹರಕೆ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ. ವೈದ್ಯರು ಇಂಥ ‘ಚಿಕಿತ್ಸೆ’ ಕೊಡುವುದು ವೃತ್ತಿ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ.

ಕಾನೂನಿನ ಭಯವೂ ನಿಮಗಿರಬಹುದು. ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, 2009ರ ದೆಹಲಿ ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿ, ಇಂಥ ಸಂಬಂಧ ಅಪರಾಧ ಎನ್ನುವ 377ನೇ ಕಲಮನ್ನು ಮತ್ತೆ ಊರ್ಜಿತ ಮಾಡಿತು. ಆಗ ನಿಮ್ಮ ಮಗ ಹದಿಹರೆಯದ ಹುಡುಗ. ಆ ವಯಸ್ಸಿನಲ್ಲಿ ಇಂಥ ಸುದ್ದಿ ಓದಿ ಬೆಳೆದವರು ಬಾಯಿಬಿಡಲು ಹಿಂಜರಿದರೆ ಆಶ್ಚರ್ಯವಿಲ್ಲ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೋರ್ಟು ಕೊಡಲಿಲ್ಲ.

ಮದುವೆ ಎಂದಾಗ ಜಾತಕದ ವಿಷಯ. ಯಜಮಾನರಿಗೆ ಈಗ ಹೇಳಬೇಕಾದದ್ದು ಇಷ್ಟೇ: ‘ಅವನೇ ಬೇಕು ಅಂದಾಗ ನೋಡೋಣ, ಅವನನ್ನು ಕೇಳದೆ ಯಾರಿಗೂ ಜಾತಕ ಕೊಡೋದು ಬೇಡ.’ ನಿಮ್ಮ ಅನುಮಾನವನ್ನು ಅವರ ಕಿವಿಗೆ ಹಾಕಬೇಡಿ, ತಂಗಿ, ನಾದಿನಿಯರಿಗೂ ಬೇಡ. ಅದು ನಿಜವಾಗಿದ್ದರೆ ಹೇಳಬೇಕಾದವನು ಅವನು. ಸುಳ್ಳಾಗಿದ್ದರೆ ಊರಿಗೆಲ್ಲ ಹಬ್ಬಿದ ಮೇಲೆ ವಾಪಸ್ ತರಲಾಗುವುದಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಬಂದೇ ಬರುತ್ತದೆ. ಕಾರ್ತಿಕನ ಮದುವೆಯ ಕಥೆಯನ್ನು ಈಗಾಗಲೇ ಓದಿದ್ದೀರಿ. ಅಲ್ಲಿ ಹೆಂಡತಿಯಾಗಿ ಬರುವ ಹುಡುಗಿಯ ಕಡೆಯಿಂದ ಒಮ್ಮೆ ಯೋಚಿಸಿ. ಯಾರದೋ ಮನೆಯ ಹೆಣ್ಣುಮಗಳ ಬಾಳು ಪರೀಕ್ಷೆಗೆ ಇಡುವ ವಸ್ತುವಲ್ಲ.

ಬಳಗದಲ್ಲಿ ನಕ್ಕದ್ದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದೀರಿ. ನಾಲ್ಕು ಜನರ ನಡುವೆ ಹೆದರಿಕೆಗೂ ನಗು ಬರುತ್ತದೆ. ಮುಂದಿನ ತಿಂಗಳು ನಿಮಗೆ ಧೈರ್ಯ ಬಂದರೆ ‘ನಾನು ಓದಿದ್ದೀನಿ, ನನಗೆ ಹೀಗನ್ನಿಸ್ತು’ ಎಂದು ಓದಿದ್ದನ್ನಷ್ಟೇ ಹೇಳಿ, ಮಗ ಕೊಟ್ಟದ್ದೆಂದು ಹೇಳಬೇಕಿಲ್ಲ. ‘ಇದೆಲ್ಲ ಈಗಿನ ಕಾಲದ ಹುಚ್ಚು’ ಎಂದು ಯಾರಾದರೂ ಅಂದರೆ, ಇಸ್ಮತ್ ಚುಗ್ತಾಯಿ ಅವರು ‘ಲಿಹಾಫ್’ ಎಂಬ ಉರ್ದು ಕಥೆಯಲ್ಲಿ ಇಬ್ಬರು ಹೆಂಗಸರ ಸಂಬಂಧದ ಬಗ್ಗೆ ಬರೆದದ್ದು 1942ರಲ್ಲಿ, ಅದಕ್ಕಾಗಿ ಲಾಹೋರಿನ ಕೋರ್ಟು ಹತ್ತಿಯೂ ಕ್ಷಮೆ ಕೇಳದೆ ಬಂದರು ಎಂದು ತಿಳಿಸಿ. ಬಳಗದಲ್ಲಿ ಇನ್ನೂ ಒಬ್ಬ ತಾಯಿ ಇದೇ ಸಂಕಟವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದರೆ ಅವರಿಗೂ ಒಂದು ದಾರಿ ಕಂಡೀತು. ಧೈರ್ಯ ಬರದಿದ್ದರೆ ಸುಮ್ಮನಿರಿ. ನಗುವಾಗ ಜೊತೆ ನಗದಿದ್ದರೆ ಅದೂ ಒಂದು ಉತ್ತರವೇ.

ನಿದ್ದೆ ಎರಡು ವಾರ ಕಳೆದರೂ ಸರಿಹೋಗದಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸೇವೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೊತ್ತುಗೊತ್ತಿನ ಕಟ್ಟಿಲ್ಲ. ಮಗನ ವಿಷಯ ಮಾತಾಡಲು ಆಪ್ತರೇ ಆಗಬೇಕೆಂದಿಲ್ಲ, ಗುಟ್ಟು ಕಾಯುವವರಾದರೆ ಸಾಕು.

ಫೋನ್ ಇಡುವ ಮುಂಚೆ ಮಗನನ್ನು ಇನ್ನೊಂದು ಮಾತು ಕೇಳಿ: ‘ಇದಾಯ್ತು, ಮುಂದೆ ಯಾವುದು ಓದಲಿ?’ ಅವನಿಗೆ ಹೊಳೆಯದಿದ್ದರೆ ನೀವೇ ಸಚಿನ್ ಕುಂಡಲ್ಕರ್ ಅವರ ‘ಕೋಬಾಲ್ಟ್ ಬ್ಲೂ’ ಹೆಸರು ಎತ್ತಬಹುದು. 2006ರ ಈ ಮರಾಠಿ ಕಾದಂಬರಿಯಲ್ಲಿ ಪುಣೆಯ ಒಂದು ಮನೆಗೆ ಬಾಡಿಗೆಗೆ ಬಂದ ಹುಡುಗನನ್ನು ಅಣ್ಣ ತಂಗಿ ಇಬ್ಬರೂ ಪ್ರೀತಿಸುತ್ತಾರೆ. ಲೇಖಕರೇ ಅದನ್ನು ಸಿನಿಮಾ ಮಾಡಿದ್ದಾರೆ, ನೆಟ್‌ಫ್ಲಿಕ್ಸ್‌ನಲ್ಲಿದೆ. ಯುಗಾದಿಗೆ ಅವನು ಊರಿಗೆ ಬಂದಾಗ ಇಬ್ಬರೂ ಕೂತು ನೋಡಿ. ನೋಡುತ್ತಾ ಅವನು ಏನನ್ನುತ್ತಾನೋ ಕೇಳಿ, ನಿಮಗನ್ನಿಸಿದ್ದನ್ನೂ ಹೇಳಿ.