ಮನೆಯ ಸಾಮಾನಿನಲ್ಲೇ ಹಂಪಿಯ ಹೊಳೆದಂಡೆ

ಒಂದು ಸ್ಥಳವನ್ನು ಬೆಟ್ಟ, ಮರ, ನೀರು ಸಮೇತ ಚಿಕ್ಕದಾಗಿ ಮಾಡಿ ತೋರಿಸುವ ಮಾದರಿಗೆ ಡಯೋರಾಮಾ ಎನ್ನುತ್ತಾರೆ. ಪ್ರದರ್ಶನ ಬಂತೆಂದರೆ ನಮ್ಮಲ್ಲಿ ಹಲವರು ಅಂಗಡಿಯಿಂದ ಪ್ಲಾಸ್ಟಿಕ್ ಮರ, ಹುಲ್ಲುಹಾಸು ತರುತ್ತಾರೆ. ಕಾಮರ್ಸ್‌ನವಳಾದ ನನಗೆ ಮೊದಲು ಕಾಣುವುದು ಖರ್ಚು. ಅಷ್ಟು ಕೊಟ್ಟರೂ ಅದು ಆಟಿಕೆಯಂತೆಯೇ ಇರುತ್ತದೆ, ಏಕೆಂದರೆ ಅಳತೆ ಹೊಂದುವುದಿಲ್ಲ.

1:100 ಅಳತೆ ಲೆಕ್ಕಕ್ಕೆ ಸುಲಭ. ಒಂದು ಮೀಟರ್ ಒಂದು ಸೆಂಟಿಮೀಟರ್ ಆಗುತ್ತದೆ. ಹಂಪಿಯ ತುಂಗಭದ್ರಾ ದಂಡೆ ಮಾಡುತ್ತೇವೆ ಅನ್ನಿ. 15 ಮೀಟರಿನ ತೆಂಗಿನ ಮರ 15 ಸೆಂ.ಮೀ., ಮನುಷ್ಯ 2 ಸೆಂ.ಮೀ.ಗೂ ಕಡಿಮೆ. ಈಗ ಮರಳು ನೋಡಿ: 2 ಮಿ.ಮೀ. ಕಣ ಅಲ್ಲಿ 20 ಸೆಂ.ಮೀ. ಕಲ್ಲಾಗುತ್ತದೆ! ಆದ್ದರಿಂದ ದಾರಿಗೆ ಮರಳು ಬೇಡ. ಒಣ ಮಣ್ಣನ್ನು ಹಳೆಯ ದುಪಟ್ಟಾದಲ್ಲಿ ಜರಡಿ ಹಿಡಿದು ಹಾಕಿ.

ಬಂಡೆಗೆ ಥರ್ಮೋಕೋಲ್ ಚೂರನ್ನು ಉರುಟಾಗಿ ಕೊರೆದು, ಮೈದಾ ಅಂಟು ಹಚ್ಚಿದ ನ್ಯೂಸ್‌ಪೇಪರ್ ಸುತ್ತಿ. ಮೊದಲು ಕಂದು ಬಣ್ಣ. ಅದು ಒಣಗಿದ ಮೇಲೆ ತಿಳಿ ಬೂದು ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಮೇಲಿಂದ ಮೇಲೆ ಸವರಿ. ಉಬ್ಬಿದ ಕಡೆ ಮಾತ್ರ ಹತ್ತುತ್ತದೆ.

ಪೊದೆಗೆ ಅಮ್ಮಿ ಚಾಯ್ ಸೋಸಿ ಬಿಸಾಡುವ ಪುಡಿ ಸಾಕು. ಬಿಸಿಲಲ್ಲಿ ಗರಿಗರಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಹಸಿರು ಪೋಸ್ಟರ್ ಬಣ್ಣ ಕಲೆಸಿ ಉದುರಿಸಿ, ನೀರು ಬೆರೆಸಿದ ಫೆವಿಕಾಲ್ ಹನಿಸಿ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿದರೆ ಅಂಟು ಮೇಲೆಯೇ ನಿಲ್ಲದೆ ಒಳಗಿಳಿಯುತ್ತದೆ.

ಕಷ್ಟದ ಕೆಲಸ ಹೊಳೆಯದು. ಹಸಿರುಗಂದು ಬಣ್ಣದ ಮೇಲೆ ಫೆವಿಕಾಲನ್ನು ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ಪದರ. ದಪ್ಪಗೆ ಸುರಿದರೆ ಬೆಳ್ಳಗೇ ಉಳಿಯುತ್ತದೆ. ಆತುರ ಇರುವವರು ಹೊಳೆಯಿಲ್ಲದ ಊರನ್ನೇ ಆರಿಸಿಕೊಳ್ಳಿ.