ಸೇವೆಗೆ ಸಂಬಳ ಪಡೆದರೆ ಪ್ರತಿಫಲ ಕಡಿಮೆಯಾಗುವುದೇ?

ತ್ಯಾಮಗೊಂಡ್ಲುವಿನ ಒಂದು ಮನೆಯನ್ನು ಭಾವಿಸಿಕೊಳ್ಳಿ. ಯಜಮಾನನಿಗೆ ನಲ್ವತ್ತರ ಹತ್ತಿರದ ವಯಸ್ಸು. ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ತಾಯಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ, ರಾತ್ರಿ ಪಾಳಿ ಮುಗಿಸಿ ಬಂದು ಅವರ ಮೈ ಒರೆಸಿ, ಗಂಜಿ ಕುಡಿಸಿ, ಬಟ್ಟೆ ಬದಲಾಯಿಸಿದವನು ಅವನು. ತಾಯಿ ತೀರಿಕೊಂಡ ಮೇಲೆ ಅಕ್ಕಪಕ್ಕದ ಬೀದಿಗಳಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಜನರು ಅವನನ್ನೇ ಕರೆಯುತ್ತಾರೆ. ಕಾರ್ಖಾನೆ ಬಿಟ್ಟು ಇದನ್ನೇ ವೃತ್ತಿಯಾಗಿ ಮಾಡಿಕೊಳ್ಳಬೇಕೆಂಬ ಆಸೆ ಅವನಲ್ಲಿ ಹುಟ್ಟಿದೆ. ಆದರೆ ಎರಡು ವಿಷಯಗಳು ಅವನನ್ನು ತಡೆದಿವೆ. ಒಂದು, ಹೆಂಡತಿ ಮಕ್ಕಳ ಅನ್ನದ ಚಿಂತೆ. ಇನ್ನೊಂದು, ಮಸೀದಿಯ ಜಗಲಿಯಲ್ಲಿ ಹಿರಿಯರೊಬ್ಬರು ಆಡಿದ ಮಾತು: “ಸೇವೆಗೆ ಹಣ ತೆಗೆದುಕೊಂಡರೆ ಅದು ಸೇವೆ ಹೇಗಾಗುತ್ತದಪ್ಪ? ಕೂಲಿ ಇಲ್ಲೇ ಸಿಕ್ಕಿಹೋಯಿತು, ಅಲ್ಲಿಗೆ ಏನು ಉಳಿಯಿತು?”

ಇದು ನಾವು ಕಲ್ಪಿಸಿದ ಮನೆ. ಆದರೆ ಆ ಮಾತು ಕಲ್ಪನೆಯದಲ್ಲ. ನೀವೂ ಅದನ್ನು ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಆದ್ದರಿಂದ ಮೊದಲು ಅದನ್ನೇ ಪರಿಶೀಲಿಸೋಣ.

ಹ. ಅಬೂಬಕರ್(ರ)ರವರು ಬಟ್ಟೆ ವ್ಯಾಪಾರಿಯಾಗಿದ್ದರು. ಖಲೀಫರಾಗಿ ಆಯ್ಕೆಯಾದ ಬಳಿಕವೂ ಅವರು ಬಟ್ಟೆಗಳನ್ನು ಹೆಗಲಿಗೇರಿಸಿ ಎಂದಿನಂತೆ ಮಾರುಕಟ್ಟೆಗೆ ಹೊರಟರು. ದಾರಿಯಲ್ಲಿ ಎದುರಾದ ಹ. ಉಮರ್(ರ)ರವರು, ಇಡೀ ಸಮುದಾಯದ ಹೊಣೆ ಹೊತ್ತ ಮೇಲೆ ವ್ಯಾಪಾರಕ್ಕೆ ಸಮಯವೆಲ್ಲಿದೆ ಎಂದು ತಡೆದರು. ಹಾಗಾದರೆ ನನ್ನ ಮನೆಯವರು ಉಣ್ಣುವುದೇನು ಎಂಬುದು ಅಬೂಬಕರ್(ರ)ರ ಪ್ರಶ್ನೆಯಾಗಿತ್ತು. ಎಷ್ಟು ಸರಳ, ಎಷ್ಟು ನೇರವಾದ ಪ್ರಶ್ನೆ! ಆ ಪ್ರಶ್ನೆಗಾಗಿ ಯಾರೂ ಅವರನ್ನು ಲೋಭಿ ಎನ್ನಲಿಲ್ಲ. ಬೈತುಲ್ ಮಾಲ್‌ನಿಂದ ಅವರ ಕುಟುಂಬಕ್ಕೆ ಸಾಕಾಗುವಷ್ಟು ಭತ್ಯೆ ಗೊತ್ತುಪಡಿಸಲಾಯಿತು. ಪ್ರವಾದಿವರ್ಯರ(ಸ) ಅತ್ಯಂತ ಆಪ್ತ ಸಂಗಾತಿಯೇ ವೃತ್ತಿ ಬಿಟ್ಟು ಜನಸೇವೆಗೆ ಬಂದಾಗ ವೇತನ ಪಡೆದಿರುವಾಗ, ನಮ್ಮ ಜಗಲಿಯ ಮಾತಿಗೆ ಆಧಾರವೆಲ್ಲಿದೆ?

ಇದಕ್ಕಿಂತಲೂ ಸ್ಪಷ್ಟವಾದ ಘಟನೆ ಸಹೀಹ್ ಬುಖಾರಿಯಲ್ಲಿದೆ. ಅಬ್ದುಲ್ಲಾ ಬಿನ್ ಸಅದೀ(ರ) ಎಂಬವರು ಸಾರ್ವಜನಿಕ ಕೆಲಸ ಮಾಡಿಯೂ ಅದರ ವೇತನವನ್ನು ನಿರಾಕರಿಸುತ್ತಿದ್ದರು. ಅವರು ಸ್ಥಿತಿವಂತರು. ತಮ್ಮ ವೇತನ ಜನರಿಗೆ ದಾನವಾಗಿ ಉಳಿಯಲೆಂಬುದು ಅವರ ಸದುದ್ದೇಶ. ಹ. ಉಮರ್(ರ) ಅವರನ್ನು ಕರೆದು ಹಾಗೆ ಮಾಡಬೇಡಿರೆಂದರು. ತಾವೂ ಒಮ್ಮೆ ಹಾಗೆಯೇ ನಿರಾಕರಿಸಿದ್ದಾಗಿಯೂ, ಆಗ ಪ್ರವಾದಿವರ್ಯರು(ಸ), ಮೊದಲು ಸ್ವೀಕರಿಸಿ ನಿಮ್ಮದಾಗಿಸಿಕೊಳ್ಳಿ, ಬಳಿಕ ಬೇಕಾದರೆ ದಾನ ಮಾಡಿ ಎಂದು ಕಲಿಸಿದ್ದಾಗಿಯೂ ವಿವರಿಸಿದರು. ಪವಿತ್ರ ಕುರ್‌ಆನ್ ಅತ್ತೌಬಃ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಎಣಿಸುವಾಗ, ಬಡವರು ಮತ್ತು ನಿರ್ಗತಿಕರ ಬೆನ್ನಿಗೇ ಝಕಾತ್‌ನ ಕೆಲಸ ನಿರ್ವಹಿಸುವವರನ್ನು ಹೆಸರಿಸಿದೆ. ಬಡವರ ಮನೆಬಾಗಿಲಿಗೆ ನೆರವು ಮುಟ್ಟಿಸುವವನ ದುಡಿಮೆಗೆ ಬೆಲೆಯಿದೆ ಎಂಬುದು ಹೀಗೆ ಅಂದೇ ತೀರ್ಮಾನವಾಗಿದೆ. ಪ್ರತಿಫಲವು ನಿಯ್ಯತ್ತಿಗೆ ಸಂಬಂಧಿಸಿದ್ದು. ತಿಂಗಳ ಕೊನೆಯಲ್ಲಿ ಕೈಗೆ ಬರುವ ಸಂಬಳ ನಿಯ್ಯತ್ತನ್ನು ಅಳಿಸುವುದಿಲ್ಲ.

“ಇದು ಸೇವೆಯಲ್ಲವೇ” ಎಂಬ ಮಾತು ಹೆಚ್ಚಾಗಿ ಅನುಕೂಲವಾಗುವುದು ಕೂಲಿ ಕೊಡಬೇಕಾದವರಿಗೆ. ನಮ್ಮ ಊರೂರಿನಲ್ಲೂ ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಆಶಾ ಕಾರ್ಯಕರ್ತೆಯರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ಕೂರಬೇಕಾಯಿತು. ಸರಕಾರವನ್ನು ದೂರುವುದು ಸುಲಭ. ನಾವು ನಡೆಸುವ ಮದ್ರಸ, ಅನಾಥಾಲಯಗಳಲ್ಲಿ ಅಡುಗೆಯವರಿಗೂ ಮಕ್ಕಳನ್ನು ನೋಡಿಕೊಳ್ಳುವವರಿಗೂ ಎಷ್ಟು ಕೊಡುತ್ತೇವೆ? ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ವೇದಿಕೆಯಲ್ಲಿ ಹೇಳುವ ನಾವು ಕಮಿಟಿಯ ಲೆಕ್ಕಪತ್ರ ಬರೆಯುವಾಗಲೂ ಅದನ್ನು ನೆನೆಯಬೇಕಲ್ಲವೇ?

ಇನ್ನು ಅನ್ನದ ಚಿಂತೆ. ಇದು ಈಮಾನಿನ ದೌರ್ಬಲ್ಯವಲ್ಲ. ಸಅದ್ ಬಿನ್ ಅಬೀ ವಕ್ಕಾಸ್(ರ)ರವರು ಕಾಯಿಲೆ ಬಿದ್ದಾಗ ತಮ್ಮ ಸಂಪತ್ತಿನ ಬಹುಭಾಗವನ್ನು ದಾನಕ್ಕೆ ಬರೆದಿಡಲು ಬಯಸಿದರು. ಪ್ರವಾದಿವರ್ಯರು(ಸ) ಮೂರನೇ ಒಂದು ಭಾಗಕ್ಕೆ ಮಾತ್ರ ಒಪ್ಪಿ, ಅದೂ ಹೆಚ್ಚೇ ಎಂದರು. ವಾರಸುದಾರರು ಜನರ ಮುಂದೆ ಕೈಯೊಡ್ಡುವಂತೆ ಬಿಟ್ಟುಹೋಗುವುದಕ್ಕಿಂತ ಅವರನ್ನು ಅನುಕೂಲಸ್ಥರಾಗಿ ಬಿಡುವುದು ಲೇಸೆಂದರು. ಸಾಯುವವನಿಗೇ ಈ ಲೆಕ್ಕವಿರುವಾಗ ಬದುಕಿರುವ ತಂದೆಗೆ ಇರಬೇಡವೇ? ಕಾರ್ಖಾನೆ ಬಿಟ್ಟರೆ ಇಎಸ್‌ಐ ಸೌಲಭ್ಯ ನಿಲ್ಲುತ್ತದೆ, ಮಕ್ಕಳ ಆಸ್ಪತ್ರೆ ಖರ್ಚು ಕೈಯಿಂದ ಹೋಗುತ್ತದೆ. ಕಾಯಂ ನೌಕರನು ಐದು ವರ್ಷ ತುಂಬುವ ಮೊದಲೇ ಬಿಟ್ಟರೆ ಗ್ರ್ಯಾಚುಯಿಟಿ ಸಿಗುವುದಿಲ್ಲ. ಇವನ್ನೆಲ್ಲ ಹೆಂಡತಿಯ ಮುಂದಿಟ್ಟು ಮಶ್ವರಾ ಮಾಡಬೇಕು. ಗಂಡನು ತ್ಯಾಗಿಯೆನಿಸಿಕೊಂಡು ಹೆಂಡತಿ ದಿನಸಿ ಅಂಗಡಿಯಲ್ಲಿ ಸಾಲ ಕೇಳುವಂತಾದರೆ, ಆ ತ್ಯಾಗ ಯಾರದು?

ಕೆಲಸ ಬಿಡಲೇಬೇಕೆಂಬ ನಿಯಮವೂ ಇಲ್ಲ. ಇದಕ್ಕೆ ನಮ್ಮ ನಾಡಿನಲ್ಲೇ ಎರಡು ಬಗೆಯ ಮಾದರಿಗಳಿವೆ. ಡಾ. ಮುಮ್ತಾಝ್ ಅಹ್ಮದ್ ಖಾನ್ ಶಸ್ತ್ರಚಿಕಿತ್ಸಾ ತಜ್ಞರಾಗಿದ್ದರು. ವೈದ್ಯ ವೃತ್ತಿಯನ್ನು ಬದಿಗಿಟ್ಟು 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು, 2021ರಲ್ಲಿ ತೀರಿಕೊಳ್ಳುವವರೆಗೂ ಅವರ ಗುರುತು ಅದೇ ಆಗಿತ್ತು. ಹರೇಕಳ ಹಾಜಬ್ಬರು ಮಾತ್ರ ತಮ್ಮ ಬುಟ್ಟಿಯನ್ನು ಕೆಳಗಿಡಲಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಲೇ ಉಳಿಸಿದ ಹಣದಿಂದ, ಕಂಡಕಂಡ ಕಚೇರಿಗಳಿಗೆ ಅಲೆದು, ತಮ್ಮ ನ್ಯೂಪಡ್ಪುವಿಗೆ ಸರಕಾರಿ ಶಾಲೆ ತಂದರು. 2020ರ ಪದ್ಮಶ್ರೀ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಒಬ್ಬರು ಬಿಟ್ಟರು, ಒಬ್ಬರು ಬಿಡಲಿಲ್ಲ. ಇಬ್ಬರ ಕೆಲಸವೂ ನಿಂತಿದೆ.

ಮೂರನೆಯ ವಿಷಯವನ್ನು ಯಾರೂ ಪ್ರಸ್ತಾಪಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅದೇ: ಈ ಕೆಲಸ ನಮಗೆ ಬರುತ್ತದೆಯೇ? ಮದ್ಯನ್‌ನ ಆ ಹುಡುಗಿ ಹ. ಮೂಸಾ(ಅ)ರನ್ನು ಕೆಲಸಕ್ಕಿಟ್ಟುಕೊಳ್ಳಲು ತಂದೆಗೆ ಸಲಹೆ ಕೊಟ್ಟಾಗ ಎರಡು ಗುಣಗಳನ್ನು ಹೇಳಿದಳೆಂದು ಅಲ್ ಕಸಸ್ ಅಧ್ಯಾಯದಲ್ಲಿದೆ: ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ನಾವು ಎರಡನೆಯದನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟುಬಿಡುತ್ತೇವೆ. ವೈದ್ಯ ವಿದ್ಯೆ ತಿಳಿಯದೆ ಚಿಕಿತ್ಸೆ ಮಾಡುವವನು ಆಗುವ ಹಾನಿಗೆ ಹೊಣೆಗಾರನೆಂದು ಹದೀಸ್‌ನಲ್ಲಿದೆ. ಆರೈಕೆಗೂ ಇದು ಅನ್ವಯಿಸುತ್ತದೆ. ಮೈ ಆಡಿಸಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನಿನ ಕೆಳಭಾಗದಲ್ಲೂ ಹಿಮ್ಮಡಿಯಲ್ಲೂ ಹುಣ್ಣಾಗುತ್ತದೆ. ಪಾರ್ಶ್ವವಾಯು ಬಡಿದವರಿಗೆ ಮಲಗಿಸಿಕೊಂಡೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಪ್ರೀತಿಯಿಂದ ಕುಡಿಸಿದ ಒಂದು ಚಮಚ ಗಂಜಿ ಜೀವಕ್ಕೇ ಕುತ್ತಾಗಬಹುದು!

ಪ್ರವಾದಿವರ್ಯರ(ಸ) ಕಾಲದಲ್ಲಿ ರುಫೈದಾ(ರ) ಎಂಬ ಮಹಿಳೆಗೆ ಗಾಯಾಳುಗಳ ಶುಶ್ರೂಷೆ ಗೊತ್ತಿತ್ತು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮಸೀದಿಯಲ್ಲಿದ್ದ ಆಕೆಯ ಡೇರೆಯಲ್ಲೇ ಇರಿಸಲಾಯಿತು. ಸದ್ಭಾವನೆಯುಳ್ಳವರು ಮದೀನದಲ್ಲಿ ನೂರಾರು ಮಂದಿಯಿದ್ದರು, ಆದರೆ ಗಾಯಾಳುವನ್ನು ಕೊಂಡೊಯ್ದದ್ದು ಕೆಲಸ ಬಲ್ಲವಳ ಬಳಿಗೆ. ನಮ್ಮ ಹೆಣ್ಣುಮಕ್ಕಳು ಅಂಗನವಾಡಿಗೋ ನರ್ಸಿಂಗ್‌ಗೋ ಹೊರಟರೆ ಹುಬ್ಬೇರಿಸುವವರು ಆ ಡೇರೆಯನ್ನು ನೆನೆಯಲಿ.

ಇಂದು ಕಲಿಯಲು ದಾರಿಗಳಿವೆ. ಪಕ್ಕದ ಕೇರಳದಲ್ಲಿ, 1993ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಕೆಲಸ ಮುಂದೆ ಮಲಪ್ಪುರಂನ ಹಳ್ಳಿಗಳಿಗೆ ಹಬ್ಬಿತು. ಅಲ್ಲಿ ಅಂಗಡಿಯವರು, ಶಿಕ್ಷಕರು, ಗೃಹಿಣಿಯರು ಸ್ವಯಂಸೇವಕರಾದರು. ಆದರೆ ಅವರನ್ನು ಸುಮ್ಮನೆ ಕಳಿಸಲಿಲ್ಲ. 16 ಗಂಟೆಗಳ ಪಾಠ, ನಾಲ್ಕು ದಿನ ರೋಗಿಗಳ ಬಳಿ ಅಭ್ಯಾಸ, ಆಮೇಲೆ ಮನೆಭೇಟಿ. ಪದವಿ ಪಡೆದವರು ಎರಡು ವರ್ಷದ ಎಂ.ಎಸ್.ಡಬ್ಲ್ಯು. ಮಾಡಬಹುದು. ಕೆಲಸದಲ್ಲಿರುವವರಿಗೆ ಇಗ್ನೊ ದೂರಶಿಕ್ಷಣದಲ್ಲೂ ಅದಿದೆ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ಇಂಥ ಕಡೆ ಹೋಗಿ ನೋಡಿದರೆ, ಇದು ನನ್ನಿಂದಾಗುವ ಕೆಲಸವೇ ಎಂಬುದು ತಿಳಿದೀತು.

ಸಮಾಜಸೇವೆಯ ಹೆಚ್ಚಿನ ಪಾಲು ಕಣ್ಣೀರು ಒರೆಸುವುದಲ್ಲ, ಕಾಗದ ಜೋಡಿಸುವುದು. 65 ದಾಟಿದ ಬಡ ವೃದ್ಧೆಗೆ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ, ವಿಧವೆಗೆ ವೇತನ, ಅಂಗವಿಕಲ ಮಗುವಿಗೆ ವೈದ್ಯರ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ. 2016ರ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ತಮ್ಮ ಮಗುವಿನದೂ ಸೇರಿದೆಯೆಂದು ತಿಳಿಯದೆ ಎಷ್ಟು ತಾಯಂದಿರು ಸುಮ್ಮನಿದ್ದಾರೋ! ನೊಂದವರ ಮನೆಯ ಗುಟ್ಟು ಅಮಾನತ್ತು, ಅದು ಜಗಲಿಗೆ ಬರಕೂಡದು. ದಿನಸಿ ಕಿಟ್ ಕೊಡುವಾಗ ಅವರನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಯುವವರಿಗೆ ಇದು ಕಹಿಯೆನಿಸಬಹುದು. ಕೊಟ್ಟದ್ದನ್ನು ಎತ್ತಿ ಆಡಿ ದಾನವನ್ನು ಕೆಡಿಸಬೇಡಿರೆಂದು ಅಲ್ ಬಕರಃ ಅಧ್ಯಾಯ ಎಚ್ಚರಿಸಿದೆ.

ಹಾಗಾದರೆ ನಮ್ಮ ತ್ಯಾಮಗೊಂಡ್ಲುವಿನ ಸಹೋದರನು ಏನು ಮಾಡಬೇಕು? ರಾಜೀನಾಮೆ ಪತ್ರ ಸದ್ಯಕ್ಕೆ ಬೇಡ. ವಾರದ ರಜೆಯ ದಿನವನ್ನು ಒಂದು ವರ್ಷ ಕಲಿಕೆಗೆ ಕೊಡಲಿ. ಹಗಲು ಬಿಡುವಿರುವ ಪಾಳಿಯಲ್ಲಿ ನಾಡಕಚೇರಿಗೆ ಒಬ್ಬ ಅಜ್ಜಿಯ ಅರ್ಜಿ ಹಿಡಿದು ಹೋಗಲಿ, ಅದು ಮಂಜೂರಾಗುವವರೆಗೆ ಬಿಡದೆ ಅಲೆಯಲಿ. ಆರು ತಿಂಗಳ ಮನೆಖರ್ಚು ಕೂಡಿಡಲಿ. ನೆಲಮಂಗಲದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆರೈಕೆಯ ಕೆಲಸಕ್ಕೆ ಕರೆ ಬಂದರೆ, ಸಂಬಳವೆಷ್ಟು, ರಜೆಯೆಷ್ಟು, ಇಎಸ್‌ಐ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಲಿ. ಅಬೂಬಕರ್(ರ)ರವರೂ ಕೇಳಿದ್ದರು.