ಚಲಿಸುವ ಭೂಪಟ

ಶಾಂತಸಾಗರದ ಕೆರೋಲಿನ್ ದ್ವೀಪಸ್ತೋಮದ ಪ್ರಾಚೀನ ನಾವಿಕರ ಬಳಿ ಭೂಪಟವಿರಲಿಲ್ಲ, ದಿಕ್ಸೂಚಿಯೂ ಇರಲಿಲ್ಲ. ಆದರೂ ಅವರು ದಡ ಕಾಣದ ಕಡಲಿನಲ್ಲಿ ನೂರಾರು ಮೈಲಿ ಸಾಗಿ, ಅಂಗೈಯಗಲದ ದ್ವೀಪವೊಂದನ್ನು ಗುರಿತಪ್ಪದೆ ಸೇರುತ್ತಿದ್ದರು. ಅವರ ಎಣಿಕೆಯ ಕ್ರಮ ವಿಚಿತ್ರವಾದುದು. ದೋಣಿಯು ನಿಂತಲ್ಲಿಯೇ ನಿಂತಿದೆ, ದ್ವೀಪಗಳೇ ಹಿಂದಕ್ಕೆ ಸರಿಯುತ್ತಿವೆ ಎಂದು ಅವರು ಭಾವಿಸುತ್ತಿದ್ದರು. ಹಾದಿಯ ಪಕ್ಕದಲ್ಲೆಲ್ಲೋ ಇರುವ, ಕಣ್ಣಿಗೆ ಕಾಣದ ದ್ವೀಪವೊಂದು ಈಗ ಯಾವ ನಕ್ಷತ್ರದ ಎಡೆಗೆ ಸರಿದಿದೆ ಎಂಬುದನ್ನು ಮನಸ್ಸಿನಲ್ಲಿಯೇ ಊಹಿಸಿ, ಪಯಣದ ಎಷ್ಟು ಭಾಗ ಮುಗಿಯಿತೆಂದು ತಿಳಿಯುತ್ತಿದ್ದರು. ಈ ಪದ್ಧತಿಗೆ ‘ಎಟಾಕ್’ ಎಂದು ಹೆಸರು.

1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಇದೇ ಹೆಸರಿನ ಯಂತ್ರವೊಂದು ಮಾರಾಟಕ್ಕೆ ಬಂದಿತು. ಅದನ್ನು ರೂಪಿಸಿದ ಸ್ಟಾನ್ ಹನಿ ಎಂಬ ಎಂಜಿನಿಯರು ಸಾಗರದ ಹಾಯಿದೋಣಿ ಪಂದ್ಯಗಳಲ್ಲಿ ದಾರಿ ಲೆಕ್ಕಹಾಕುವುದರಲ್ಲಿ ನಿಪುಣನಾಗಿದ್ದನು. ಅವನಿಗೆ ಹಣ ಒದಗಿಸಿದವನು ನೋಲನ್ ಬುಶ್ನೆಲ್. ಮನೆಯ ಟೆಲಿವಿಷನ್ನಿನ ಪರದೆಯನ್ನೇ ಆಟದ ಬಯಲನ್ನಾಗಿ ಮಾಡಿದ ಅಟಾರಿ ಸಂಸ್ಥೆಯ ಸ್ಥಾಪಕರಲ್ಲಿ ಅವನೂ ಒಬ್ಬನು. ಇವರಿಬ್ಬರ ಸ್ನೇಹದ ಫಲವಾಗಿ, ಮನೆಯ ಮೇಜಿನ ಮೇಲಿದ್ದ ಸಾಮಗ್ರಿಗಳು ಮೋಟಾರುವಾಹನವನ್ನು ಏರಿದವು.

ಚಾಲಕನ ಬಳಿ ಒಂದು ಚಿಕ್ಕ ಪರದೆ. ಅದರ ಮೇಲೆ ಹಸಿರು ಗೆರೆಗಳಲ್ಲಿ ಮೂಡುವ ಬೀದಿಗಳು. ಆ ಬೀದಿಗಳ ವಿವರವೆಲ್ಲವೂ ಹಾಡು ಕೇಳುವ ಕ್ಯಾಸೆಟ್ಟಿನಂತಹ ಕಾಂತಪಟ್ಟಿಯಲ್ಲಿ ಅಡಕವಾಗಿತ್ತು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖಕ್ಕೆ ಅಂದಿನ ಗಣಕಗಳ ಫ್ಲಾಪಿ ತಟ್ಟೆಗಳು ಬಾಳುತ್ತಿರಲಿಲ್ಲವಾದುದರಿಂದ ಕ್ಯಾಸೆಟ್ಟನ್ನೇ ಆರಿಸಬೇಕಾಯಿತು. ಒಂದು ಕ್ಯಾಸೆಟ್ಟಿನ ಸೀಮೆಯನ್ನು ದಾಟಿದ ಚಾಲಕನು ಮುಂದಿನದನ್ನು ತಾನೇ ಹಾಕಿಕೊಳ್ಳಬೇಕಾಗಿತ್ತು. ಪರದೆಯ ಮೇಲೆ ಕಾರು ಕದಲದ ಒಂದು ಗುರುತು. ಅದರ ಸುತ್ತ ಭೂಪಟವೇ ತಿರುಗಿ ಸರಿಯುತ್ತಿತ್ತು. ಯಂತ್ರಕ್ಕೆ ಆ ಹೆಸರು ಬಂದುದು ಇದರಿಂದಲೇ.

ಆಶ್ಚರ್ಯದ ಸಂಗತಿಯೆಂದರೆ, ಈ ಯಂತ್ರಕ್ಕೆ ಉಪಗ್ರಹದ ನೆರವೇ ಇರಲಿಲ್ಲ. ಗಾಲಿಗಳು ಎಷ್ಟು ಸುತ್ತು ಉರುಳಿದವು, ದಿಕ್ಸೂಚಿ ಎತ್ತ ತಿರುಗಿತು ಎಂಬ ಎರಡೇ ವಿಷಯಗಳಿಂದ ಅದು ತನ್ನ ನೆಲೆಯನ್ನು ಲೆಕ್ಕಹಾಕುತ್ತಿತ್ತು. ಇಂತಹ ಲೆಕ್ಕದಲ್ಲಿ ಸಣ್ಣ ತಪ್ಪುಗಳು ಸೇರಿಸೇರಿ ದೊಡ್ಡವಾಗುತ್ತವೆ. ಅದನ್ನು ತಿದ್ದಿದುದು ಭೂಪಟವೇ. ಕಾರು ಸಾಮಾನ್ಯವಾಗಿ ರಸ್ತೆಯ ಮೇಲೆಯೇ ಇರುತ್ತದೆ. ಅದು ಬಲಕ್ಕೆ ಹೊರಳಿತೆಂದರೆ ಅಲ್ಲಿ ಬಲಕ್ಕೊಂದು ಬೀದಿ ಇದ್ದಿರಲೇಬೇಕು. ಈ ಸರಳ ವಿವೇಕವನ್ನು ಯಂತ್ರಕ್ಕೆ ಕಲಿಸಿದುದೇ ಎಟಾಕಿನ ನಿಜವಾದ ಸಾಧನೆ. ಆದರೆ ಒಮ್ಮೆ ಪೂರ್ತಿಯಾಗಿ ದಾರಿತಪ್ಪಿದರೆ ಅದಕ್ಕೆ ತಾನೆಲ್ಲಿರುವೆನೆಂದು ಚಾಲಕನೇ ತಿಳಿಸಬೇಕಾಗುತ್ತಿತ್ತು.

ಆ ಕೊರತೆಯನ್ನು ನೀಗುವ ಉಪಾಯ ಆಕಾಶದಲ್ಲಿ ಆಗಲೇ ಸಿದ್ಧವಾಗುತ್ತಿತ್ತು. 1957ರಲ್ಲಿ ರಷ್ಯನ್ನರ ಸ್ಪುಟ್ನಿಕ್ ಮೇಲೇರಿದಾಗ, ಅಮೆರಿಕದ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ತರುಣ ವಿಜ್ಞಾನಿಗಳು ಅದರ ರೇಡಿಯೊ ದನಿಯ ಏರಿಳಿತದಿಂದಲೇ ಅದರ ಕಕ್ಷೆಯನ್ನು ಕಂಡುಹಿಡಿದರು. ಮರುವರ್ಷ ಅವರ ಹಿರಿಯ ಸಹೋದ್ಯೋಗಿ ಮೆಕ್ಲೂರ್ ಪ್ರಶ್ನೆಯನ್ನು ತಿರುಗುಮುರುಗು ಮಾಡಿದನು: ಕಕ್ಷೆಯು ಮೊದಲೇ ತಿಳಿದಿದ್ದರೆ, ಕೇಳುವವನ ನೆಲೆಯನ್ನು ತಿಳಿಯಲಾಗದೆ? ಹೀಗೆ ಟ್ರಾನ್ಸಿಟ್ ಉಪಗ್ರಹಗಳು ಹುಟ್ಟಿದವು. 1978ರಿಂದ ಅಮೆರಿಕದ ಸೇನೆಯು ಇನ್ನೂ ಸಮರ್ಥವಾದ ಜಿಪಿಎಸ್ ಉಪಗ್ರಹಗಳನ್ನು ಸುಮಾರು 20,200 ಕಿಲೋಮೀಟರ್ ಎತ್ತರದ ಕಕ್ಷೆಗೆ ಏರಿಸತೊಡಗಿತು.

ಮಿಂಚು ಕಂಡ ಎಷ್ಟು ಹೊತ್ತಿಗೆ ಗುಡುಗು ಕೇಳಿಸಿತೆಂದು ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತೆಂದು ರೈತನು ಅಂದಾಜು ಮಾಡಬಲ್ಲನು. ಜಿಪಿಎಸ್‌ನ ತತ್ತ್ವವೂ ಇದೇ. ಉಪಗ್ರಹವು ‘ಇದೀಗ ಹೊರಟೆ’ ಎಂದು ಹೊತ್ತನ್ನು ಸಾರುತ್ತದೆ; ಗ್ರಾಹಕಯಂತ್ರವು ಆ ಸುದ್ದಿ ತಲುಪಿದ ಹೊತ್ತನ್ನು ನೋಡಿ ದೂರವನ್ನು ಅಳೆಯುತ್ತದೆ. ಆದರೆ ರೇಡಿಯೊ ಅಲೆಯ ವೇಗ ಬೆಳಕಿನ ವೇಗವೇ ಆದುದರಿಂದ, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ಲೆಕ್ಕವು 300 ಮೀಟರ್ ತಪ್ಪುತ್ತದೆ. ಆದುದರಿಂದಲೇ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತಿರುತ್ತವೆ. ಗ್ರಾಹಕಯಂತ್ರದ ಗಡಿಯಾರ ಅಷ್ಟು ನಿಖರವಲ್ಲ. ಆ ದೋಷವನ್ನು ಕಳೆಯಲೆಂದೇ ಮೂರರ ಬದಲು ನಾಲ್ಕು ಉಪಗ್ರಹಗಳ ಸುದ್ದಿ ಬೇಕಾಗುತ್ತದೆ.

ಸೇನೆಯ ಈ ಸೊತ್ತು ಜನಸಾಮಾನ್ಯರ ಕೈಗೆ ಬರಲು ಒಂದು ದುರಂತವೂ ಕಾರಣವಾಯಿತು. 1983ರ ಸೆಪ್ಟೆಂಬರ್ 1ರಂದು ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿತಪ್ಪಿ ಸೋವಿಯತ್ ಒಕ್ಕೂಟದ ವಾಯುಪ್ರದೇಶವನ್ನು ಹೊಕ್ಕಿತು. ಅದನ್ನು ಹೊಡೆದುರುಳಿಸಲಾಗಿ 269 ಮಂದಿ ಮಡಿದರು. ಜಿಪಿಎಸ್ ಸಿದ್ಧವಾದಾಗ ನಾಗರಿಕರಿಗೂ ದೊರೆಯುವುದೆಂದು ಅಮೆರಿಕ ಸರ್ಕಾರವು ಆಗ ಸಾರಿತು. ಕೊಟ್ಟರೂ ಕೈ ಬಿಗಿಹಿಡಿದೇ ಕೊಟ್ಟಿತು: ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ, ನೂರು ಮೀಟರಿನಷ್ಟು ತಪ್ಪು ಬರುವಂತೆ ಮಾಡಲಾಯಿತು.

ನೂರು ಮೀಟರ್ ಕಡಲಿನಲ್ಲಿ ಲೆಕ್ಕಕ್ಕಿಲ್ಲ. ಪೇಟೆಯಲ್ಲಿ ಎರಡು ಬೀದಿಗಳ ಅಂತರವದು. ಇಲ್ಲಿ ಎಟಾಕಿನ ವಿವೇಕ ಮತ್ತೆ ಕೆಲಸಕ್ಕೆ ಬಂದಿತು. 1990ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆಯ ಯೂನೋಸ್ ಕಾಸ್ಮೊ ಕಾರು ಜಿಪಿಎಸ್ ಆಧಾರದ ಭೂಪಟವನ್ನು ಒಳಗೊಂಡೇ ಮಾರಾಟಕ್ಕೆ ಬಂದಿತು. ಸಂಗೀತಕ್ಕಾಗಿ ಹುಟ್ಟಿದ ಕಾಂಪ್ಯಾಕ್ಟ್ ಡಿಸ್ಕು ಕ್ಯಾಸೆಟ್ಟಿನ ಎಡೆಯಲ್ಲಿ ಭೂಪಟವನ್ನು ಹೊತ್ತಿತು. ಉಪಗ್ರಹವು ಯಂತ್ರವನ್ನು ಸರಿಯಾದ ಬಡಾವಣೆಗೆ ತಂದು ನಿಲ್ಲಿಸಿದರೆ, ಭೂಪಟವು ಅದನ್ನು ಸರಿಯಾದ ಬೀದಿಯಲ್ಲಿ ನಿಲ್ಲಿಸಿತು. 2000ದ ಮೇ ತಿಂಗಳಿನಲ್ಲಿ ಅಮೆರಿಕ ಸರ್ಕಾರವು ಆ ಕೃತಕ ದೋಷವನ್ನು ತೆಗೆದುಹಾಕಿತು.

ಅನ್ಯರ ಗಡಿಯಾರವನ್ನು ನಂಬಿ ನಡೆಯುವ ರಾಷ್ಟ್ರವು, ಅದು ಎಂದು ನಿಂತೀತೋ ಎಂಬ ಅಳುಕಿನಲ್ಲಿಯೇ ಇರಬೇಕಾಗುತ್ತದೆ. ಭಾರತವು 2013ರ ಜುಲೈ 1ರಂದು ಸ್ವಂತ ಪಥದರ್ಶಕ ಉಪಗ್ರಹಗಳಲ್ಲಿ ಮೊದಲನೆಯದನ್ನು ಹಾರಿಸಿತು. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ಸ್ಥಾಪನೆಯಾಯಿತು. ಈ ವ್ಯವಸ್ಥೆಗೆ 2016ರಲ್ಲಿ ನಾವಿಕ್ ಎಂಬ ಹೆಸರನ್ನಿಡಲಾಯಿತು. ಆದರೆ ಆ ಮೊದಲ ಉಪಗ್ರಹದಲ್ಲಿದ್ದ, ವಿದೇಶದಿಂದ ತರಿಸಿದ ಮೂರು ಪರಮಾಣು ಗಡಿಯಾರಗಳೂ ಕೆಟ್ಟುನಿಂತವು. ಉಳಿದೆಲ್ಲ ಭಾಗಗಳು ಸರಿಯಾಗಿದ್ದರೂ ಹೊತ್ತು ಹೇಳಲಾರದ ಆ ಉಪಗ್ರಹವು ನೆಲೆ ತೋರಿಸಲಾರದಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರವು ರೂಪಿಸಿದ ರುಬಿಡಿಯಮ್ ಗಡಿಯಾರವನ್ನು ಅಳವಡಿಸಲಾಗಿತ್ತು.